ಆಸನದಲ್ಲಿ ಕಣ್ಣನ್ನು ಎಲ್ಲಿ ನಿಲ್ಲಿಸಬೇಕು? ದಿನನಿತ್ಯದ ಕೆಲಸದಲ್ಲಿ ಈ ಅಭ್ಯಾಸದಿಂದ ಉಪಯೋಗವಿದೆಯೇ?

ಕಪಿಲಾತೀರ
ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನಲ್ಲಿ ಅಷ್ಟಾಂಗ ವಿನ್ಯಾಸ ಪದ್ಧತಿಯ (ಉಸಿರಿನ ಲೆಕ್ಕಕ್ಕೆ ಆಸನಗಳನ್ನು ಪೋಣಿಸುವ ಯೋಗದ) ತರಗತಿಗೆ ಹೋಗಲು ಆರಂಭಿಸಿ ಕೆಲವು ತಿಂಗಳುಗಳಾದವು. ವಯಸ್ಸು 46, ದಿನವಿಡೀ ಕಂಪ್ಯೂಟರ್ ಮುಂದೆ ಕೂರುವ ಉದ್ಯೋಗ. ಆಸನಗಳು ತಕ್ಕಮಟ್ಟಿಗೆ ಬರುತ್ತಿವೆ, ಉಸಿರಿನ ಲೆಕ್ಕವೂ ಹಿಡಿತಕ್ಕೆ ಬರುತ್ತಿದೆ. ಆದರೆ ಗುರುಗಳು ಪ್ರತಿ ಆಸನದಲ್ಲೂ "ದೃಷ್ಟಿ ಎಲ್ಲಿ?" ಎಂದು ಕೇಳಿದಾಗಲೆಲ್ಲ ನನಗೆ ಗಲಿಬಿಲಿಯಾಗುತ್ತದೆ. ಉತ್ಥಿತ ತ್ರಿಕೋನಾಸನದಲ್ಲಿ ಮೇಲಿನ ಕೈಯ ತುದಿಯನ್ನು ನೋಡಲು ಹೋದರೆ ಕುತ್ತಿಗೆ ಹಿಡಿದುಕೊಳ್ಳುತ್ತದೆ. ಮೂಗಿನ ತುದಿಯನ್ನು ನೋಡಿದರೆ ಕಣ್ಣಿನ ಹಿಂದೆ ನೋವು ಬಂದು ಎದುರಿನದೆಲ್ಲ ಎರಡೆರಡಾಗಿ ಕಾಣುತ್ತದೆ. ಒಂಟಿಕಾಲಿನ ಆಸನಗಳಲ್ಲಿ ಮಾತ್ರ ಎದುರಿನ ಗೋಡೆಯ ಒಂದು ಕಲೆಯ ಮೇಲೆ ಕಣ್ಣಿಟ್ಟರೆ ಆಯ ತಪ್ಪುವುದಿಲ್ಲ ಎಂಬುದು ಅನುಭವಕ್ಕೆ ಬಂದಿದೆ.

ಈ ದೃಷ್ಟಿಯ ನಿಯಮ ಎಷ್ಟು ಮುಖ್ಯ? ಅದನ್ನು ಬಿಟ್ಟು ಆಸನ ಮಾಡಿದರೆ ಕಳೆದುಕೊಳ್ಳುವುದೇನು? ತರಗತಿಯ ಹೊರಗೆ, ಅಂದರೆ ಕಚೇರಿಯಲ್ಲಿ, ರಸ್ತೆಯಲ್ಲಿ, ಮನೆಗೆಲಸದಲ್ಲಿ ಇದರಿಂದ ಯಾರಿಗಾದರೂ ನಿಜವಾದ ಪ್ರಯೋಜನವಾಗಿದೆಯೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಗೋಕುಲದ ಅಭ್ಯಾಸಿ
ಒಳ್ಳೆಯ ಪ್ರಶ್ನೆ ಸರ್. ನಾನು ಇದೇ ಪದ್ಧತಿಯನ್ನು ಕಲಿಸುತ್ತಿರುವುದರಿಂದ ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ.

ಪಟ್ಟಾಭಿ ಜೋಯಿಸರು (1915–2009) ಕಲಿಸಿದ ಕ್ರಮದಲ್ಲಿ ಆಸನ, ಉಸಿರು, ದೃಷ್ಟಿ ಈ ಮೂರನ್ನು ಸೇರಿಸಿ ತ್ರಿಸ್ಥಾನ ಎನ್ನುತ್ತೇವೆ. ದೃಷ್ಟಿಯ ಸ್ಥಾನಗಳು 9: ಮೂಗಿನ ತುದಿ, ಹುಬ್ಬುಗಳ ನಡುವೆ, ಹೊಕ್ಕುಳು, ಹೆಬ್ಬೆರಳು, ಕೈಯ ತುದಿ, ಕಾಲ್ಬೆರಳ ತುದಿ, ಬಲ ಪಾರ್ಶ್ವ, ಎಡ ಪಾರ್ಶ್ವ ಮತ್ತು ಮೇಲ್ಮುಖ. ಹೊಸಬರು ಇದನ್ನು ಬಾಯಿಪಾಠ ಮಾಡಲು ಹೊರಟು ಸೋಲುತ್ತಾರೆ. ಅದರ ಬದಲು ಸೂರ್ಯನಮಸ್ಕಾರದಲ್ಲಿ ಅದು ಹೇಗೆ ನಡೆಯುತ್ತದೆ ಎಂಬುದನ್ನು ಗಮನಿಸಿ. ಉಸಿರು ಒಳಗೆಳೆಯುತ್ತ ಕೈಗಳನ್ನು ಮೇಲೆತ್ತಿದಾಗ ಕಣ್ಣು ಹೆಬ್ಬೆರಳುಗಳನ್ನು ಹಿಂಬಾಲಿಸುತ್ತದೆ, ಉಸಿರು ಬಿಡುತ್ತ ಮುಂದಕ್ಕೆ ಬಾಗಿದಾಗ ಮೂಗಿನ ಕಡೆಗೆ ಇಳಿಯುತ್ತದೆ, ಬೆನ್ನನ್ನು ಉದ್ದವಾಗಿಸಿ ತಲೆ ಎತ್ತಿದಾಗ ಹುಬ್ಬುಗಳ ನಡುವಿನ ದಿಕ್ಕಿಗೆ ಏರುತ್ತದೆ, ಅಧೋಮುಖ ಶ್ವಾನಾಸನಕ್ಕೆ ಬಂದಾಗ ಹೊಕ್ಕುಳಿನ ಕಡೆ ನಿಲ್ಲುತ್ತದೆ. ಅಂದರೆ ಉಸಿರು ಬದಲಾದಂತೆ ಕಣ್ಣಿನ ನೆಲೆಯೂ ಬದಲಾಗುತ್ತದೆ. ಐದು ಉಸಿರು ನಿಲ್ಲುವಲ್ಲಿ ಕಣ್ಣೂ ನಿಲ್ಲುತ್ತದೆ.

ಇದನ್ನು ಬಿಟ್ಟರೆ ಕಳೆದುಕೊಳ್ಳುವುದೇನು ಎಂದು ಕೇಳಿದ್ದೀರಿ. ಪಕ್ಕದ ಚಾಪೆಯವರು ಮರೀಚ್ಯಾಸನದಲ್ಲಿ ಕೈ ಕಟ್ಟಿದರೋ ಇಲ್ಲವೋ ಎಂದು ನೋಡುವ ಅಭ್ಯಾಸ ಬಹಳ ಜನರಿಗಿದೆ. ಕಣ್ಣು ಅತ್ತ ಹೋದ ಕೂಡಲೇ ಉಸಿರು ಗಿಡ್ಡವಾಗುತ್ತದೆ, ಹೆಗಲು ಮೇಲೇರುತ್ತದೆ. ಇದು ನನ್ನ ಕಣ್ಣಿಗೆ ದಿನವೂ ಬೀಳುವ ಸಂಗತಿ.

ಕುತ್ತಿಗೆಯ ವಿಷಯ: ತ್ರಿಕೋನಾಸನದಲ್ಲಿ ಮೊದಲು ಪಕ್ಕೆಲುಬು ತಿರುಗಬೇಕು, ನಂತರ ಹೆಗಲು, ಆಮೇಲೆ ಕುತ್ತಿಗೆ, ಎಲ್ಲಕ್ಕಿಂತ ಕೊನೆಗೆ ಕಣ್ಣು. ನೀವು ಬಹುಶಃ ಕಣ್ಣಿನಿಂದ ಆರಂಭಿಸಿ ಕುತ್ತಿಗೆಯನ್ನು ಎಳೆಯುತ್ತಿದ್ದೀರಿ. ಎದೆ ತೆರೆಯುವವರೆಗೆ ನೇರ ಎದುರಿಗೆ ಅಥವಾ ಕೆಳಗಿನ ಕಾಲಿನ ಹೆಬ್ಬೆರಳನ್ನು ನೋಡಿ. ಅದರಿಂದ ಅಭ್ಯಾಸಕ್ಕೆ ಯಾವ ಕುಂದೂ ಬರುವುದಿಲ್ಲ.

ಪ್ರಶ್ನಾರ್ಥಕ
ಮೇಡಂ, ಒಂದು ಆಕ್ಷೇಪವಿದೆ. ಪಕ್ಕದವರನ್ನು ನೋಡಬಾರದು ಎಂಬುದಷ್ಟೇ ಉದ್ದೇಶವಾದರೆ ಕಣ್ಣು ಮುಚ್ಚಿಕೊಳ್ಳಬಹುದಲ್ಲವೇ? ಒಂಬತ್ತು ಸ್ಥಾನಗಳ ಪಟ್ಟಿ ಏಕೆ ಬೇಕು? ಬಿ.ಕೆ.ಎಸ್. ಅಯ್ಯಂಗಾರರ ಕ್ರಮದಲ್ಲಿ ಅಭ್ಯಾಸ ಮಾಡುವ ನನ್ನ ಸ್ನೇಹಿತರ ತರಗತಿಯಲ್ಲಿ ಈ ಪಟ್ಟಿಯ ಮಾತೇ ಬರುವುದಿಲ್ಲ. ಅವರ ಅಭ್ಯಾಸವೇನೂ ಕಡಿಮೆಯದಲ್ಲ.

ಗೋಕುಲದ ಅಭ್ಯಾಸಿ
ಕಣ್ಣು ಮುಚ್ಚಿ ಒಂಟಿಕಾಲಿನಲ್ಲಿ ನಿಂತು ನೋಡಿ ಸರ್, ಉತ್ತರ ಅಲ್ಲೇ ಸಿಗುತ್ತದೆ.

ನೇತ್ರವೈದ್ಯೆ ಶಿವಮೊಗ್ಗ
ಗೋಡೆಯ ಹತ್ತಿರ ನಿಂತು ಮಾಡಿ ಎಂದು ಸೇರಿಸುತ್ತೇನೆ, ಏಕೆಂದರೆ ಬಹುಪಾಲು ಜನ ಕೆಲವೇ ಕ್ಷಣಗಳಲ್ಲಿ ಕಾಲು ಕೆಳಗಿಡುತ್ತಾರೆ.

ಕಾರಣ ಹೀಗಿದೆ. ನಮ್ಮ ದೇಹದ ಸಮತೋಲನಕ್ಕೆ ಮೂರು ಕಡೆಯಿಂದ ಸುದ್ದಿ ಬರುತ್ತದೆ: ಒಳಗಿವಿ, ಪಾದ ಮತ್ತು ಕೀಲುಗಳ ಸ್ಪರ್ಶಜ್ಞಾನ, ಮತ್ತು ಕಣ್ಣು. ದೇಹ ಸ್ವಲ್ಪ ವಾಲಿದರೂ ಎದುರಿನ ಸ್ಥಿರ ಬಿಂದುವಿನ ಬಿಂಬ ರೆಟಿನಾದ, ಅಂದರೆ ಕಣ್ಣಿನ ಒಳಪರದೆಯ ಮೇಲೆ ಜರುಗುತ್ತದೆ. ಆ ಜರುಗುವಿಕೆಯನ್ನು ಅಳೆದು ಮೆದುಳು ಪಾದದ ಸ್ನಾಯುಗಳನ್ನು ಸರಿಪಡಿಸುತ್ತದೆ. ಬಿಂದು ಹತ್ತಿರವಿದ್ದಷ್ಟೂ ಈ ಜರುಗುವಿಕೆ ದೊಡ್ಡದಾಗಿ ತಿಳಿಯುತ್ತದೆ. ದೂರದ ಬೆಟ್ಟವನ್ನು ನೋಡುತ್ತ ಒಂಟಿಕಾಲಿನಲ್ಲಿ ನಿಲ್ಲುವುದಕ್ಕಿಂತ ಕೆಲವು ಅಡಿ ದೂರದ ನೆಲ ಅಥವಾ ಗೋಡೆಯ ಗುರುತನ್ನು ನೋಡುತ್ತ ನಿಲ್ಲುವುದು ಸುಲಭವೆನಿಸುವುದು ಇದರಿಂದಲೇ. ತಿರುಗುವ ಫ್ಯಾನಿನ ಮೇಲೆ ಅಥವಾ ಓಡಾಡುವ ವ್ಯಕ್ತಿಯ ಮೇಲೆ ಕಣ್ಣಿಟ್ಟರೆ ಮೆದುಳಿಗೆ ತಪ್ಪು ಸುದ್ದಿ ಹೋಗಿ ಜೋಲಿ ತಪ್ಪುತ್ತದೆ.

ಇನ್ನೊಂದು ಸ್ವಾರಸ್ಯವನ್ನು ಹೇಳುತ್ತೇನೆ. ನಾವು ನಿಚ್ಚಳವಾಗಿ ಕಾಣುವ ಭಾಗ ಬಹಳ ಚಿಕ್ಕದು, ಸುಮಾರು 2 ಡಿಗ್ರಿ ಮಾತ್ರ. ಕೈಯನ್ನು ಪೂರ್ತಿ ಚಾಚಿ ಹೆಬ್ಬೆರಳನ್ನು ನೋಡಿದರೆ ಅದರ ಉಗುರಿನ ಅಗಲ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಉಳಿದುದೆಲ್ಲ ಮಸುಕು. ಕಣ್ಣು ಸದಾ ಹಾರಾಡುತ್ತ ಆ ಮಸುಕನ್ನು ತುಂಬಿಸುತ್ತಿರುತ್ತದೆ. ಹೆಬ್ಬೆರಳಿನ ಮೇಲೆ ದೃಷ್ಟಿಯಿಡಿ ಎಂದಾಗ ನೀವು ಕಣ್ಣಿಗೆ ಕೊಡುತ್ತಿರುವುದು ಅದು ಒಂದೇ ನೋಟಕ್ಕೆ ಹಿಡಿಯಬಲ್ಲಷ್ಟು ಗಾತ್ರದ ಗುರಿಯನ್ನು. ಹಿಂದಿನವರು ಅಳತೆಯ ಉಪಕರಣವಿಲ್ಲದೆ ಅನುಭವದಿಂದಲೇ ಇದನ್ನು ಆರಿಸಿಕೊಂಡಿದ್ದಾರೆ ಎಂಬುದು ನನಗೆ ಬಹಳ ಮೆಚ್ಚುಗೆಯ ವಿಷಯ.

ಈಗ ಮೂಗಿನ ತುದಿ. ಎರಡೂ ಕಣ್ಣುಗಳು ಒಳಮುಖವಾಗಿ ತಿರುಗಿ ಒಂದೇ ಬಿಂಬವನ್ನು ಕಾಣಬಲ್ಲ ಅತಿ ಹತ್ತಿರದ ದೂರ ಸಾಮಾನ್ಯವಾಗಿ 5ರಿಂದ 10 ಸೆಂಟಿಮೀಟರ್. ಮೂಗಿನ ತುದಿ ಆ ಗಡಿಯ ಅಂಚಿನಲ್ಲೋ ಅದಕ್ಕಿಂತ ಒಳಗೋ ಇರುತ್ತದೆ. 46ರ ವಯಸ್ಸಿನಲ್ಲಿ ಕಣ್ಣಿನ ಮಸೂರವೂ ಹತ್ತಿರದ ನೋಟಕ್ಕೆ ಮೊದಲಿನಂತೆ ಉಬ್ಬಿಕೊಡುವುದಿಲ್ಲ. ಆದ್ದರಿಂದ ಕಪಿಲಾತೀರ ಅವರಿಗೆ ನೋವಾಗುವುದೂ ಎರಡೆರಡಾಗಿ ಕಾಣುವುದೂ ಸಹಜ. ಬಲವಂತ ಮಾಡಬೇಡಿ.

ಭಾಷ್ಯಪಾಠಿ
ಮೂಗಿನ ತುದಿಯ ಬಗ್ಗೆ ಶಾಸ್ತ್ರವೂ ಬಲವಂತ ಮಾಡುವುದಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಭಗವದ್ಗೀತೆಯ 6ನೆಯ ಅಧ್ಯಾಯದ 13ನೆಯ ಶ್ಲೋಕದಲ್ಲಿ "ಸಂಪ್ರೇಕ್ಷ್ಯ ನಾಸಿಕಾಗ್ರಂ ಸ್ವಂ ದಿಶಶ್ಚಾನವಲೋಕಯನ್" ಎಂದಿದೆ. ಇದಕ್ಕೆ ಭಾಷ್ಯ ಬರೆಯುವಾಗ ಶಂಕರಾಚಾರ್ಯರು "ನೋಡುತ್ತಿರುವವನಂತೆ" ಎಂದು ಅರ್ಥ ಮಾಡಬೇಕು, ಮೂಗಿನ ತುದಿಯನ್ನು ನೋಡುವುದೇ ಇಲ್ಲಿನ ವಿಧಿಯಲ್ಲ ಎಂದು ಸ್ಪಷ್ಟಪಡಿಸುತ್ತಾರೆ. ಮೂಗನ್ನೇ ನೋಡಬೇಕೆಂದಾದರೆ ಮನಸ್ಸು ಮೂಗಿನಲ್ಲಿ ನಿಲ್ಲುತ್ತದೆಯೇ ಹೊರತು ಆತ್ಮನಲ್ಲಿ ನಿಲ್ಲುವುದಿಲ್ಲ ಎಂಬುದು ಅವರ ವಾದ. ಹೊರಗಿನ ವಿಷಯಗಳ ಕಡೆ ಓಡುವ ಕಣ್ಣಿನ ನೋಟ ಒಂದೆಡೆ ನೆಲೆಗೊಳ್ಳಬೇಕೆಂಬುದೇ ತಾತ್ಪರ್ಯ.

ಆದ್ದರಿಂದ ರೆಪ್ಪೆಗಳನ್ನು ಅರ್ಧ ಇಳಿಸಿ ನೋಟವನ್ನು ಮೂಗಿನ ದಿಕ್ಕಿನಲ್ಲಿ ಕೆಳಗೆ ಹರಿಯಬಿಟ್ಟರೆ ಸಾಕು. ಮೆಳ್ಳೆಗಣ್ಣು ಮಾಡಿಕೊಂಡು ತಲೆನೋವು ತರಿಸಿಕೊಳ್ಳಿರೆಂದು ಯಾವ ಆಚಾರ್ಯರೂ ಹೇಳಿಲ್ಲ.

ತ್ರಾಟಕ ಸಾಧಕ
ಎಲ್ಲರೂ ತ್ರಾಟಕವನ್ನು ಮರೆತಿದ್ದೀರಿ. ದೃಷ್ಟಿಗೆ ಸಂಬಂಧಿಸಿದ ಅತಿ ಶ್ರೇಷ್ಠ ಅಭ್ಯಾಸ ಅದೇ. ಹಠಯೋಗಪ್ರದೀಪಿಕೆಯಲ್ಲಿ ಸ್ವಾತ್ಮಾರಾಮರು ಸೂಕ್ಷ್ಮವಾದ ಗುರಿಯನ್ನು ಕಣ್ಣೀರು ಬರುವವರೆಗೆ ನಿಶ್ಚಲವಾಗಿ ನೋಡಬೇಕೆಂದು ಹೇಳಿ, ಮುಂದಿನ ಶ್ಲೋಕದಲ್ಲೇ ಅದು "ಮೋಚನಂ ನೇತ್ರರೋಗಾಣಾಂ" ಎಂದಿದ್ದಾರೆ. ನಾನು ಪ್ರತಿದಿನ ಬೆಳಗಿನ ಜಾವ ತುಪ್ಪದ ದೀಪದ ಮುಂದೆ ಮಾಡುತ್ತೇನೆ. ಮನಸ್ಸಿನ ಹಾರಾಟ ತಗ್ಗಿದೆ, ನಿದ್ರೆ ಚೆನ್ನಾಗಿದೆ. ಚಾಳೀಸು ಬಂದವರೂ ಮಕ್ಕಳೂ ಇದನ್ನು ಬಿಡದೆ ಮಾಡಿದರೆ ಕನ್ನಡಕವನ್ನು ತೆಗೆದಿಡಬಹುದು. ಕೆಲವರು ಸೂರ್ಯೋದಯವನ್ನು ನೋಡುತ್ತಲೂ ಮಾಡುತ್ತಾರೆ.

ನೇತ್ರವೈದ್ಯೆ ಶಿವಮೊಗ್ಗ
ಸರ್, ನಿಮ್ಮ ಶ್ರದ್ಧೆಯನ್ನು ಗೌರವಿಸುತ್ತೇನೆ, ಆದರೆ ಕೊನೆಯ ಎರಡು ಮಾತುಗಳನ್ನು ಹಾಗೆಯೇ ಬಿಟ್ಟರೆ ಯಾರಿಗಾದರೂ ಅಪಾಯವಾಗಬಹುದು.

ಸೂರ್ಯನನ್ನು ದಿಟ್ಟಿಸಬೇಡಿ, ಉದಯಕಾಲದಲ್ಲೂ ಬೇಡ. ಸೂರ್ಯನ ಬೆಳಕಿನಿಂದ ರೆಟಿನಾದ ನಡುಭಾಗ ಸುಟ್ಟರೆ ಆ ಕ್ಷಣದಲ್ಲಿ ನೋವು ತಿಳಿಯುವುದಿಲ್ಲ. ಕೆಲವು ಗಂಟೆಗಳ ಬಳಿಕ ನೋಟದ ನಟ್ಟನಡುವೆ ಕಪ್ಪು ಚುಕ್ಕೆ ಕಾಣಿಸಿಕೊಳ್ಳುತ್ತದೆ, ಕೆಲವರಲ್ಲಿ ಅದು ಶಾಶ್ವತವಾಗಿ ಉಳಿಯುತ್ತದೆ. ಇಂಥ ರೋಗಿಗಳನ್ನು ನಾನೇ ನೋಡಿದ್ದೇನೆ, ಅವರಿಗೆ ಕೊಡಲು ನಮ್ಮಲ್ಲಿ ಖಚಿತವಾದ ಔಷಧವಿಲ್ಲ.

ಕನ್ನಡಕದ ವಿಚಾರ. ದೂರದ್ದು ಮಸುಕಾಗುವ ಸಮೀಪದೃಷ್ಟಿಯಲ್ಲಿ ಬಹುತೇಕ ಕಣ್ಣಿನ ಗುಡ್ಡೆಯೇ ಉದ್ದವಾಗಿರುತ್ತದೆ. ಒಂದು ಮಿಲಿಮೀಟರ್ ಉದ್ದ ಹೆಚ್ಚಾದರೆ ಸುಮಾರು 3 ಡಯಾಪ್ಟರ್‌ನಷ್ಟು ಪವರ್ ಬರುತ್ತದೆ. ದೀಪವನ್ನು ನೋಡುವುದರಿಂದ ಗುಡ್ಡೆ ಗಿಡ್ಡವಾಗುವುದಿಲ್ಲ. ಚಾಳೀಸು ಮಸೂರ ಬಿರುಸಾಗುವುದರಿಂದ ಬರುವುದು, ಅದಕ್ಕೂ ಇದು ಪರಿಹಾರವಲ್ಲ. ಮಕ್ಕಳಿಗೆ ಸಮೀಪದೃಷ್ಟಿ ಬಾರದಂತೆ ತಡೆಯಲು ನೆರವಾಗುವುದೆಂದು ಚೆನ್ನಾಗಿ ತಿಳಿದಿರುವುದು ಹಗಲಿನ ಬೆಳಕಿನಲ್ಲಿ ಹೊರಗೆ ಕಳೆಯುವ ಸಮಯ. ದಿನಕ್ಕೆ 2 ಗಂಟೆಯಾದರೂ ಹೊರಗೆ ಆಡಲು ಬಿಡಿ.

ಮನಸ್ಸು ನಿಲ್ಲಲು ದೀಪ ನೆರವಾದರೆ ಧಾರಾಳವಾಗಿ ಮಾಡಿ, ಅದರ ಬಗ್ಗೆ ನನಗೆ ತಕರಾರಿಲ್ಲ. ಗ್ಲಾಕೋಮಾ (ಸಾಮಾನ್ಯವಾಗಿ ಕಣ್ಣಿನೊಳಗಿನ ಒತ್ತಡ ಹೆಚ್ಚಿ ಕಣ್ಣಿನ ನರ ಹಾಳಾಗುವ ಕಾಯಿಲೆ) ಇರುವವರು, ಅಪಸ್ಮಾರ ಇರುವವರು, ಕಣ್ಣಿನ ಶಸ್ತ್ರಚಿಕಿತ್ಸೆಯಾದವರು ವೈದ್ಯರನ್ನು ಕೇಳದೆ ಮಾಡಬೇಡಿ. ಗ್ಲಾಕೋಮಾದವರು ಶೀರ್ಷಾಸನವನ್ನೂ ಕೈಬಿಡಬೇಕು, ಏಕೆಂದರೆ ಆ ಸ್ಥಿತಿಯಲ್ಲಿ ಕಣ್ಣಿನೊಳಗಿನ ಒತ್ತಡ ಸುಮಾರು ಎರಡು ಪಟ್ಟಾಗುತ್ತದೆ.

ತ್ರಾಟಕ ಸಾಧಕ
ಸೂರ್ಯನ ವಿಷಯದಲ್ಲಿ ನಿಮ್ಮ ಮಾತನ್ನು ಒಪ್ಪುತ್ತೇನೆ ಮೇಡಂ. ನೇತ್ರರೋಗದ ವಿಷಯದಲ್ಲಿ ಮಾತ್ರ ಗ್ರಂಥದ ಮಾತನ್ನು ಸಂಪೂರ್ಣವಾಗಿ ತಳ್ಳಿಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ.

ಭಾಷ್ಯಪಾಠಿ
ತಳ್ಳಿಹಾಕುವ ಅಗತ್ಯವಿಲ್ಲ. ಆ ಗ್ರಂಥದಲ್ಲಿ ತ್ರಾಟಕ ಬರುವುದು ಧೌತಿ, ಬಸ್ತಿ, ನೇತಿ ಮುಂತಾದ ಷಟ್ಕರ್ಮಗಳ ಸಾಲಿನಲ್ಲಿ, ಅಂದರೆ ಶುದ್ಧಿಕ್ರಿಯೆಯಾಗಿ. ಅದೇ ಶ್ಲೋಕ ಜಡತೆ, ತೂಕಡಿಕೆಗಳಿಗೆ ಅದು ಬಾಗಿಲು ಹಾಕುತ್ತದೆ ಎಂದೂ ಹೇಳುತ್ತದೆ. ನಿಮ್ಮ ಅನುಭವ ಆ ಮಾತಿಗೆ ಸರಿಯಾಗಿ ಹೊಂದುತ್ತದೆ. 15ನೆಯ ಶತಮಾನದ ಗ್ರಂಥ ಹೇಳುವ ನೇತ್ರರೋಗವನ್ನು ಇಂದಿನ ಕನ್ನಡಕದ ಪವರಿನೊಂದಿಗೆ ಸಮೀಕರಿಸುವುದು ನಮ್ಮ ಆತುರ.

ಘಟ್ಟದ ಚಾಲಕ
ನಾನು ಯೋಗ ಕಲಿತವನಲ್ಲ, ಆದರೆ ಬಸ್ಸು ಓಡಿಸುವವನಾಗಿ ಒಂದು ಮಾತು ಹೇಳಬೇಕೆನಿಸಿತು. ಕಣ್ಣನ್ನು ಒಂದೇ ಕಡೆ ನೆಡುವುದು ದಿನನಿತ್ಯದ ಬದುಕಿಗೆ ಒಳ್ಳೆಯದೆಂದು ಇಲ್ಲಿ ಎಲ್ಲರೂ ಹೇಳುತ್ತಿರುವಂತಿದೆ. ನಮ್ಮ ಕೆಲಸದಲ್ಲಿ ಅದು ಪ್ರಾಣಕ್ಕೆ ಕುತ್ತು. ಶಿರಾಡಿ ಘಟ್ಟದಲ್ಲಿ ಮಳೆಗಾಲದ ರಾತ್ರಿ ಎದುರಿನ ಲಾರಿಯ ದೀಪವನ್ನು ದಿಟ್ಟಿಸಿದರೆ ಕೈ ತಾನಾಗಿಯೇ ಸ್ಟಿಯರಿಂಗನ್ನು ಅತ್ತ ಎಳೆಯುತ್ತದೆ. ಕಣ್ಣು ಹೋದ ಕಡೆ ಗಾಡಿ ಹೋಗುತ್ತದೆ ಎಂದು ನಮಗೆ ಕಲಿಸಿದ ಹಿರಿಯ ಚಾಲಕರು ಹೇಳುತ್ತಿದ್ದರು. ಎದುರಿನ ದೀಪ ಕಣ್ಣು ಕುಕ್ಕಿದಾಗ ರಸ್ತೆಯ ಎಡ ಅಂಚಿನ ಬಿಳಿ ಗೆರೆಯನ್ನು ಹಿಡಿದುಕೊಳ್ಳಬೇಕು. ತಿರುವಿನಲ್ಲಿ ಹತ್ತಿರದ ಗುಂಡಿಯನ್ನು ನೋಡುತ್ತ ಕೂರದೆ ತಿರುವು ಮುಗಿದು ರಸ್ತೆ ನೇರವಾಗುವ ಜಾಗವನ್ನು ನೋಡಬೇಕು. ನಡುನಡುವೆ ಕನ್ನಡಿ, ಮತ್ತೆ ರಸ್ತೆ, ಮತ್ತೆ ಮೀಟರು. ನೇರ ಹೆದ್ದಾರಿಯಲ್ಲಿ ಒಂದೇ ಕಡೆ ನೋಡುತ್ತ ಕುಳಿತವನಿಗೆ ಕಣ್ಣು ತೆರೆದಿದ್ದಂತೆಯೇ ಮಂಪರು ಕವಿಯುತ್ತದೆ.

ಪ್ರಶ್ನಾರ್ಥಕ
ಇದೇ ನನ್ನ ಆಕ್ಷೇಪದ ತಿರುಳು. ಚಾಲಕರ ಕಣ್ಣು ಹರಿದಾಡಬೇಕು, ಯೋಗಾಭ್ಯಾಸಿಯ ಕಣ್ಣು ನಿಲ್ಲಬೇಕು. ಹಾಗಿದ್ದಲ್ಲಿ ಚಾಪೆಯ ಮೇಲೆ ಕಲಿತದ್ದು ರಸ್ತೆಯಲ್ಲಿ ಉಪಯೋಗಕ್ಕೆ ಬರುತ್ತದೆ ಎಂಬ ಮಾತಿಗೆ ಆಧಾರವೇನು? ಇನ್ನೂ ಒಂದು ಮಾತು: ಇಂದು ಎವೆಯಿಕ್ಕದೆ ನೋಡುವವರ ಕೊರತೆಯೇ ಇಲ್ಲ. ನನ್ನ ಅಕ್ಕನ ಮಗ ಮೊಬೈಲಿನಲ್ಲಿ ರೀಲ್ಸ್ ನೋಡುತ್ತ ಕುಳಿತರೆ ಪಕ್ಕದಲ್ಲಿ ತಟ್ಟೆ ಬಿದ್ದರೂ ಕದಲುವುದಿಲ್ಲ. ಅದನ್ನು ಧಾರಣೆ, ಅಂದರೆ ಯೋಗದಲ್ಲಿ ಹೇಳುವ ಏಕಾಗ್ರತೆ ಎನ್ನೋಣವೇ?

ಗೋಕುಲದ ಅಭ್ಯಾಸಿ
ಎರಡೂ ಪ್ರಶ್ನೆಗಳು ಗಟ್ಟಿಯಾಗಿವೆ. ಚಾಲಕರ ಬರಹವನ್ನು ಎರಡು ಬಾರಿ ಓದಿದೆ. ಅವರ ಮಾತು ನಮ್ಮ ಅಭ್ಯಾಸಕ್ಕೆ ವಿರುದ್ಧವೆಂದು ನನಗೆ ತೋರಲಿಲ್ಲ. ವಿನ್ಯಾಸದಲ್ಲಿ ಕಣ್ಣು ಎಲ್ಲಿಯೂ ಕಟ್ಟಿಹಾಕಿದಂತಿರುವುದಿಲ್ಲ ಎಂದು ಮೊದಲೇ ಬರೆದಿದ್ದೇನೆ. ಪ್ರತಿ ಉಸಿರಿಗೂ ಅದಕ್ಕೊಂದು ನೆಲೆಯಿದೆ, ಆ ಉಸಿರು ಮುಗಿದೊಡನೆ ಅದು ಆ ನೆಲೆಯನ್ನು ಬಿಡಬೇಕು. ಬಿಡಲು ಬಾರದವನಿಗೆ ಮುಂದಿನ ಆಸನ ತಡವಾಗುತ್ತದೆ. ಘಟ್ಟದ ತಿರುವಿನಲ್ಲಿ ಅವರ ಕಣ್ಣು ರಸ್ತೆಯ ಕೊನೆಗೆ, ಕನ್ನಡಿಗೆ, ಮತ್ತೆ ರಸ್ತೆಗೆ ಹೋಗುವುದು ಅವರ ಇಚ್ಛೆಯಿಂದ. ಲಾರಿಯ ದೀಪ ಎಳೆದಾಗ ಹೋಗದಿರುವುದೂ ಅವರ ಇಚ್ಛೆಯಿಂದಲೇ. ದೃಷ್ಟಿಯ ಅಭ್ಯಾಸದಿಂದ ನಾನು ನನ್ನ ವಿದ್ಯಾರ್ಥಿಗಳಲ್ಲಿ ಬೆಳೆಸಬಯಸುವುದು ಇದನ್ನೇ: ಎಲ್ಲಿ ನಿಲ್ಲಬೇಕು, ಯಾವಾಗ ಹೊರಡಬೇಕು ಎಂಬುದನ್ನು ನೋಡುವವನೇ ನಿರ್ಧರಿಸಬೇಕು.

ಮೊಬೈಲಿನ ಉತ್ತರವೂ ಇದರಲ್ಲೇ ಇದೆ. ಪರದೆಯ ಮೇಲೆ ಚಿತ್ರ ಕ್ಷಣಕ್ಷಣಕ್ಕೂ ಬದಲಾಗಿ ಕಣ್ಣನ್ನು ತನ್ನ ಹಿಂದೆ ಎಳೆದೊಯ್ಯುತ್ತದೆ. ಕಾಲ್ಬೆರಳಿನ ತುದಿ ನಿಮಗೆ ಹೊಸದೇನನ್ನೂ ತೋರಿಸುವುದಿಲ್ಲ. ಪಶ್ಚಿಮೋತ್ತಾನಾಸನದಲ್ಲಿ ಐದನೆಯ ಉಸಿರಿನವರೆಗೆ ಅಲ್ಲೇ ನಿಲ್ಲಬೇಕಾದರೆ ನಿಲ್ಲಿಸುವ ಕೆಲಸವನ್ನು ನೀವೇ ಮಾಡಬೇಕು.

ಘಟ್ಟದ ಚಾಲಕ
ಹಾಗೆಂದರೆ ಒಪ್ಪುತ್ತೇನೆ ಮೇಡಂ.

ಪ್ರಶ್ನಾರ್ಥಕ
ನಾನು ಅರ್ಧ ಒಪ್ಪುತ್ತೇನೆ. ಚಾಪೆಯ ಮೇಲಿನ ಅಭ್ಯಾಸದಿಂದಲೇ ರಸ್ತೆಯ ಎಚ್ಚರ ಬರುತ್ತದೆ ಎಂಬುದು ಇನ್ನೂ ಸಿದ್ಧವಾಗಿಲ್ಲ. ಚಾಲಕರು ಯೋಗ ಕಲಿಯದೆಯೇ ಅದನ್ನು ಗಳಿಸಿದ್ದಾರೆ.

ನಟುವಾಂಗ
ಗಳಿಸುವ ದಾರಿಗಳು ಹಲವು ಸರ್, ಕೆಲಸದಿಂದಲೂ ಬರುತ್ತದೆ, ಕಲೆಯಿಂದಲೂ ಬರುತ್ತದೆ. ಭರತನಾಟ್ಯ ಕಲಿಸುವವಳಾಗಿ ನನ್ನ ಮಾತು ಸೇರಿಸುತ್ತೇನೆ. ನಾಟ್ಯಗ್ರಂಥವಾದ ಅಭಿನಯದರ್ಪಣದ "ಯತೋ ಹಸ್ತಸ್ತತೋ ದೃಷ್ಟಿಃ, ಯತೋ ದೃಷ್ಟಿಸ್ತತೋ ಮನಃ" ಎಂಬ ಮಾತನ್ನು ಮಕ್ಕಳಿಗೆ ಮೊದಲ ವರ್ಷವೇ ಹೇಳಿಕೊಡುತ್ತೇವೆ. ಅದೇ ಗ್ರಂಥದಲ್ಲಿ ದೃಷ್ಟಿಯ ಭೇದಗಳು 8: ಸಮ, ಆಲೋಕಿತ, ಸಾಚೀ, ಪ್ರಲೋಕಿತ, ನಿಮೀಲಿತ, ಉಲ್ಲೋಕಿತ, ಅನುವೃತ್ತ, ಅವಲೋಕಿತ. ಇವುಗಳಲ್ಲಿ ಅಲುಗಾಡದೆ ನಿಲ್ಲುವುದು ಸಮದೃಷ್ಟಿ. ಉಳಿದವು ತಿರುಗುತ್ತವೆ, ಓರೆಯಾಗುತ್ತವೆ, ಮೇಲೇರುತ್ತವೆ, ಇಳಿಯುತ್ತವೆ. ಯೋಗದವರು ನಿಲ್ಲಿಸುವುದನ್ನು ಕಲಿಸಿದರೆ ನಾವು ಚಲಿಸುವ ಕಣ್ಣಿಗೂ ಅಳತೆ ಕಲಿಸುತ್ತೇವೆ.

ನಡೆಯುವುದು ಹೀಗೆ. ಹೊಸ ವಿದ್ಯಾರ್ಥಿನಿ ಕೈಯನ್ನು ಚಾಚುವಾಗ ಕಣ್ಣನ್ನು ನನ್ನ ಮುಖದ ಮೇಲೆ ಇಟ್ಟಿರುತ್ತಾಳೆ, ಸರಿಯಾಯಿತೇ ಎಂದು ಕೇಳುವಂತೆ. ಆಗ ಅವಳ ಕೈ ಹೆಗಲಿಗಿಂತ ಕೆಳಗೆ ಜಗ್ಗಿರುತ್ತದೆ. "ಬೆರಳ ತುದಿ ನೋಡಮ್ಮ" ಎಂದಷ್ಟೇ ಹೇಳುತ್ತೇನೆ. ಮೊಣಕೈಯನ್ನು ನಾನು ಮುಟ್ಟುವುದೇ ಇಲ್ಲ. ಕಣ್ಣು ಹೋದೊಡನೆ ಕೈ ತಾನಾಗಿ ಎದ್ದು ತನ್ನ ಎತ್ತರಕ್ಕೆ ಬರುತ್ತದೆ. ಕಥಕ್‌ನ ಚಕ್ಕರ್ ಹಾಕುವವರು ಎದುರಿನ ಒಂದು ಗುರುತಿನ ಮೇಲೆ ಸಾಧ್ಯವಾದಷ್ಟು ಹೊತ್ತು ಕಣ್ಣಿಟ್ಟು, ಆಮೇಲೆ ತಲೆಯನ್ನು ಸರಕ್ಕನೆ ತಿರುಗಿಸಿ ಮತ್ತೆ ಅದೇ ಗುರುತನ್ನು ಹಿಡಿಯುತ್ತಾರೆ. ಇಲ್ಲವಾದರೆ ತಲೆ ಸುತ್ತಿ ಬೀಳುತ್ತಾರೆ.

ಅಜ್ಜಿಮನೆ
ತಲೆಸುತ್ತಿನ ಮಾತು ಬಂದುದರಿಂದ ಕೇಳುತ್ತಿದ್ದೇನೆ. ನನಗೆ 68. ನಮ್ಮ ಬಡಾವಣೆಯ ಉದ್ಯಾನದಲ್ಲಿ ಯೋಗ ಹೇಳಿಕೊಡುತ್ತಾರೆ. ಕೈಯೆತ್ತಿ ಮೇಲೆ ನೋಡಿ ಎಂದಾಗಲೆಲ್ಲ ಗಿರ್ರನೆ ತಲೆ ಸುತ್ತುತ್ತದೆ, ಅರ್ಧ ನಿಮಿಷದಲ್ಲಿ ನಿಲ್ಲುತ್ತದೆ. ಹಾಸಿಗೆಯಲ್ಲಿ ಬಲಕ್ಕೆ ಹೊರಳಿದಾಗಲೂ ಹೀಗಾಗುತ್ತದೆ. ಅಭ್ಯಾಸವಾದರೆ ಸರಿಹೋಗುತ್ತದೆ ಎನ್ನುತ್ತಾರೆ. ನಿಜವೇ?

ನೇತ್ರವೈದ್ಯೆ ಶಿವಮೊಗ್ಗ
ಅಮ್ಮ, ಸದ್ಯಕ್ಕೆ ಮೇಲೆ ನೋಡುವುದನ್ನು ನಿಲ್ಲಿಸಿ. ಕಿವಿ, ಮೂಗು, ಗಂಟಲಿನ ವೈದ್ಯರನ್ನೋ ನರರೋಗ ತಜ್ಞರನ್ನೋ ಈ ವಾರವೇ ಕಾಣಿರಿ. ನೀವು ಹೇಳಿದ ಲಕ್ಷಣ, ಅಂದರೆ ತಲೆಯ ಭಂಗಿ ಬದಲಾದಾಗ ಶುರುವಾಗಿ ಒಂದು ನಿಮಿಷದೊಳಗೆ ನಿಲ್ಲುವ ತಲೆಸುತ್ತು, ಒಳಗಿವಿಯ ಸಣ್ಣ ಹರಳುಗಳು ತಮ್ಮ ಜಾಗ ಬಿಟ್ಟು ನಾಳದೊಳಗೆ ಸೇರಿಕೊಂಡಾಗ ಬರುವಂಥದ್ದು. ಪರೀಕ್ಷಿಸಿ ಅದೇ ಎಂದು ಖಚಿತವಾದರೆ ಎಪ್ಲಿ ಎಂಬ ವಿಧಾನದಲ್ಲಿ ತಲೆಯನ್ನು ಕ್ರಮವಾಗಿ ಹೊರಳಿಸಿ ಹರಳುಗಳನ್ನು ಹಿಂದಕ್ಕೆ ಕಳುಹಿಸುತ್ತಾರೆ, ಬಹಳ ಜನರಿಗೆ ಒಂದೆರಡು ಸಲಕ್ಕೇ ಗುಣವಾಗುತ್ತದೆ. ಮಾತು ತೊದಲುವುದು, ಕೈಕಾಲು ಬಲಹೀನವಾಗುವುದು, ಎರಡೆರಡಾಗಿ ಕಾಣುವುದು ಇದ್ದರೆ ಮಾತ್ರ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಗೋಕುಲದ ಅಭ್ಯಾಸಿ
ಅಮ್ಮ, ಗುಣವಾಗುವವರೆಗೆ ಕೈ ಮೇಲೆತ್ತಿದರೂ ಕಣ್ಣು ನೇರ ಎದುರಿಗಿರಲಿ. ಕಲಿಸುವವರಿಗೆ ಈ ವಿಷಯವನ್ನು ತಿಳಿಸಿಬಿಡಿ, ಒಳ್ಳೆಯ ಶಿಕ್ಷಕರು ಬೇಸರಿಸುವುದಿಲ್ಲ.

ಅಜ್ಜಿಮನೆ
ಇಬ್ಬರಿಗೂ ಒಳ್ಳೆಯದಾಗಲಿ ಮಕ್ಕಳೇ. ನಾಳೆಯೇ ಮಗನೊಂದಿಗೆ ಹೋಗುತ್ತೇನೆ.

ಧಾರವಾಡದ ಕಸೂತಿ
ಕಚೇರಿ ಕೆಲಸದ ಕಣ್ಣಿನ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ನನ್ನ ಕೆಲಸದಿಂದ ಹೇಳುತ್ತೇನೆ. ಕಸೂತಿಯಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ. ಎಳೆಗಳನ್ನು ಎಣಿಸಿಕೊಂಡೇ ಗವಂತಿ, ಮುರಗಿ, ನೇಯ್ಗೆ, ಮೆಂತೆ ಹೊಲಿಗೆಗಳನ್ನು ಹಾಕುತ್ತೇವೆ. ಗಂಟು ಹಾಕುವಂತಿಲ್ಲ, ಒಂದು ಎಳೆ ತಪ್ಪಿದರೆ ಗೋಪುರವೇ ವಾರೆಯಾಗುತ್ತದೆ. ಹೊಸದಾಗಿ ಕಲಿಯುವ ಹುಡುಗಿಯರು ಸೂಜಿಯ ಮೊನೆಯನ್ನು ನೋಡುತ್ತಿರುತ್ತಾರೆ, ಸೂಜಿ ಹೋದಲ್ಲೆಲ್ಲ ಅವರ ಕಣ್ಣು ಓಡುತ್ತದೆ, ಎಣಿಕೆ ತಪ್ಪುತ್ತದೆ. ಕಲಿತವರ ಕಣ್ಣು ಸೂಜಿ ಮುಂದೆ ಎದ್ದುಬರಬೇಕಾದ ಎಳೆಗಳ ಸಂದಿನಲ್ಲಿ ಮೊದಲೇ ಹೋಗಿ ಕುಳಿತಿರುತ್ತದೆ. ಕೆಳಗಿನಿಂದ ಬೆರಳು ತಾನೇ ಸೂಜಿಯನ್ನು ಅಲ್ಲಿಗೆ ತರುತ್ತದೆ.

ನನಗೆ ಕಲಿಸಿದ ಅವ್ವ ಒಂದು ಸಾಲು ಮುಗಿದೊಡನೆ ತಲೆ ಎತ್ತಿ ಬಾಗಿಲಾಚೆಯ ಬೇವಿನ ಮರ ನೋಡು ಎನ್ನುತ್ತಿದ್ದರು. ನೋಡದೆ ಮುಂದಿನ ಸಾಲು ಹಿಡಿದರೆ ಬಟ್ಟೆಯನ್ನೇ ಕಸಿದುಕೊಳ್ಳುತ್ತಿದ್ದರು. ಅವರ ಕಟ್ಟುನಿಟ್ಟಿನ ಬೆಲೆ ಈಗ ತಿಳಿಯುತ್ತಿದೆ.

ನೇತ್ರವೈದ್ಯೆ ಶಿವಮೊಗ್ಗ
ಆ ಅವ್ವನಿಗೆ ನನ್ನ ನಮಸ್ಕಾರ ತಿಳಿಸಿ. ಕಂಪ್ಯೂಟರ್ ಕೆಲಸದವರಿಗೆ ನಾವು ಹೇಳುವುದೂ ಅದನ್ನೇ: ಪ್ರತಿ 20 ನಿಮಿಷಕ್ಕೊಮ್ಮೆ 20 ಅಡಿಗಿಂತ ದೂರದ ಯಾವುದಾದರೂ ವಸ್ತುವನ್ನು 20 ಸೆಕೆಂಡ್ ನೋಡಬೇಕು. ಹತ್ತಿರದ್ದನ್ನು ನೋಡುವಾಗ ಬಿಗಿದುಕೊಂಡ ಸ್ನಾಯು ಆಗ ಸಡಿಲಾಗುತ್ತದೆ. ಸಾಮಾನ್ಯವಾಗಿ ನಿಮಿಷಕ್ಕೆ ಸುಮಾರು 15 ಬಾರಿ ರೆಪ್ಪೆ ಮಿಟುಕಿಸುತ್ತೇವೆ. ಪರದೆಯ ಮುಂದೆ ಅದು ಅರ್ಧಕ್ಕೋ ಅದಕ್ಕಿಂತ ಕಡಿಮೆಗೋ ಇಳಿಯುತ್ತದೆ. ಕಣ್ಣು ಉರಿಯುವುದು ಅದರಿಂದ. ಕಪಿಲಾತೀರ ಅವರೇ, ಆಸನದಲ್ಲೂ ರೆಪ್ಪೆಯನ್ನು ತಡೆಹಿಡಿಯಬೇಡಿ. ಅಂದಹಾಗೆ, ಕಣ್ಣು ಪೂರ್ತಿ ನಿಶ್ಚಲವಾಗಿ ನಿಲ್ಲುವುದೇ ಇಲ್ಲ. ನಾವು ಒಂದು ಬಿಂದುವನ್ನು ನೋಡುತ್ತಿರುವಾಗಲೂ ಅದು ತುಸುತುಸುವೇ ಕಂಪಿಸುತ್ತಿರುತ್ತದೆ. ಆ ಕಂಪನವನ್ನು ಕೃತಕವಾಗಿ ಇಲ್ಲವಾಗಿಸಿದರೆ ಬಿಂಬವೇ ಕೆಲವು ಕ್ಷಣಗಳಲ್ಲಿ ಮಾಸಿಹೋಗುತ್ತದೆ. ಕಲ್ಲಿನಂತೆ ಬಿಗಿದ ಕಣ್ಣನ್ನು ಸಾಧಿಸಲು ಹೊರಡುವುದು ವ್ಯರ್ಥ.

ಕಪಿಲಾತೀರ
ಇಷ್ಟು ವಿವರವಾದ ಉತ್ತರಗಳನ್ನು ನಿರೀಕ್ಷಿಸಿರಲಿಲ್ಲ. ತ್ರಿಕೋನಾಸನದಲ್ಲಿ ಪಕ್ಕೆಲುಬಿನಿಂದ ತಿರುಗಿ ನೋಡಿದೆ, ಕುತ್ತಿಗೆ ಹಗುರಾಗಿತ್ತು. ಕಣ್ಣನ್ನು ಎದುರಿಗೇ ಇಟ್ಟುಕೊಂಡಿದ್ದೇನೆ. ಎಲ್ಲರಿಗೂ ಧನ್ಯವಾದಗಳು.

ಬಳ್ಳಾರಿ ಬಿಸಿಲು
ತಡವಾಗಿ ಬರುತ್ತಿದ್ದೇನೆ, ಕ್ಷಮಿಸಿ. ನಮ್ಮ ತಂದೆಯವರಿಗೆ ಕೆಲವು ವರ್ಷಗಳಿಂದ ಎರಡೂ ಕಣ್ಣು ಕಾಣುವುದಿಲ್ಲ. ನಾನು ಆಸನ ಮಾಡುವುದನ್ನು ಕೇಳಿಸಿಕೊಂಡು ತಮಗೂ ಕಲಿಸೆಂದು ಹೇಳುತ್ತಿದ್ದಾರೆ. ದೃಷ್ಟಿಯೇ ಇಲ್ಲದವರಿಗೆ ಈ ಅಭ್ಯಾಸದಲ್ಲಿ ಜಾಗವಿದೆಯೇ?

ಭಾಷ್ಯಪಾಠಿ
ಖಂಡಿತವಾಗಿಯೂ ಇದೆ. ಪತಂಜಲಿಗಳು "ದೇಶಬಂಧಶ್ಚಿತ್ತಸ್ಯ ಧಾರಣಾ" ಎಂದರು, ಒಂದು ಸ್ಥಾನದಲ್ಲಿ ಕಟ್ಟಬೇಕಾದುದು ಚಿತ್ತ. ಅಲ್ಲಿ ಕಣ್ಣಿನ ಮಾತೇ ಇಲ್ಲ. ಆ ಸೂತ್ರಗಳ ವ್ಯಾಖ್ಯಾನವಾದ ವ್ಯಾಸಭಾಷ್ಯ ಆ ಸ್ಥಾನಗಳನ್ನು ಹೇಳುವಾಗ ನಾಭಿಚಕ್ರ, ಹೃದಯಕಮಲ, ಮೂಗಿನ ತುದಿ, ನಾಲಗೆಯ ತುದಿ ಮುಂತಾದವನ್ನು ಹೆಸರಿಸುತ್ತದೆ. ನಾಲಗೆಯ ತುದಿಯನ್ನು ಯಾರೂ ಕಣ್ಣಿನಿಂದ ನೋಡಿಕೊಂಡು ಧಾರಣೆ ಮಾಡುವುದಿಲ್ಲ.

ಗೋಕುಲದ ಅಭ್ಯಾಸಿ
ಕಣ್ಣು ಕಾಣದ ಒಬ್ಬರಿಗೆ ನಾನು ಕಲಿಸಿದ್ದೇನೆ. ನಿಂತು ಮಾಡುವ ಆಸನಗಳನ್ನು ಗೋಡೆಯ ಪಕ್ಕದಲ್ಲಿ ಆರಂಭಿಸಿ. ತಂದೆಯವರು ಗೋಡೆಗೆ ಒರಗಬಾರದು, ಒಂದು ಬೆರಳಿನ ತುದಿಯನ್ನು ಹಗುರವಾಗಿ ತಾಗಿಸಿಕೊಂಡಿದ್ದರೆ ಸಾಕು. ಅಷ್ಟು ಸಣ್ಣ ಸ್ಪರ್ಶ ದೇಹದ ತೂಗಾಟವನ್ನು ಎಷ್ಟು ಕಡಿಮೆ ಮಾಡುತ್ತದೆ ಎಂದು ನೀವೇ ನೋಡುವಿರಿ. ಬರಿಗಾಲಿನಲ್ಲಿ ತೆಳುವಾದ ಚಾಪೆಯ ಮೇಲೆ ನಿಲ್ಲಿಸಿ, ದಪ್ಪ ಚಾಪೆಯಲ್ಲಿ ನೆಲದ ಸುದ್ದಿ ಪಾದಕ್ಕೆ ತಿಳಿಯುವುದಿಲ್ಲ. "ಹೆಬ್ಬೆರಳು ನೋಡಿ" ಎನ್ನುವ ಕಡೆ ನೀವು ಅವರ ಹೆಬ್ಬೆರಳನ್ನು ಒಮ್ಮೆ ಒತ್ತಿ ಬಿಡಿ. ಮುಖ ಆ ದಿಕ್ಕಿಗೆ ತಿರುಗಲಿ, ಗಮನ ಅಲ್ಲಿಗೆ ಹೋಗಲಿ. ಮುಂದಿನ ಸಲ ಒತ್ತುವ ಮೊದಲು ಸ್ವಲ್ಪ ಕಾಯಿರಿ, ನಿಮ್ಮ ಕೈ ತಾಗುವ ಮುನ್ನವೇ ಅವರು ತಿರುಗಬಹುದು.

ನೇತ್ರವೈದ್ಯೆ ಶಿವಮೊಗ್ಗ
ಯಾವ ಕಾಯಿಲೆಯಿಂದ ದೃಷ್ಟಿ ಹೋಯಿತು ಎಂಬುದನ್ನು ಅವರ ವೈದ್ಯರಲ್ಲಿ ವಿಚಾರಿಸಿಕೊಂಡು ಆರಂಭಿಸಿ. ಗ್ಲಾಕೋಮಾದಿಂದ ಹೋಗಿದ್ದರೆ, ಅಥವಾ ಸಕ್ಕರೆ ಕಾಯಿಲೆಯಿಂದ ರೆಟಿನಾದಲ್ಲಿ ರಕ್ತಸ್ರಾವವಾಗಿದ್ದರೆ, ತಲೆ ಕೆಳಗಾಗುವ ಆಸನಗಳು ಬೇಡ. ಸಕ್ಕರೆ ಕಾಯಿಲೆಯಿದ್ದರೆ ಪಾದದ ಸ್ಪರ್ಶವೂ ಕುಂದಿರಬಹುದು, ಅದನ್ನೂ ಪರೀಕ್ಷಿಸಿಕೊಳ್ಳಿ. ಹಾಗಿದ್ದಲ್ಲಿ ಕುಳಿತು ಮಾಡುವ ಆಸನಗಳಿಂದಲೇ ಶುರುಮಾಡುವುದು ಕ್ಷೇಮ.

ಬಳ್ಳಾರಿ ಬಿಸಿಲು
ಸಕ್ಕರೆ ಕಾಯಿಲೆಯಿಂದಲೇ ಹೋದದ್ದು ಮೇಡಂ. ಸೋಮವಾರ ಅವರ ವೈದ್ಯರನ್ನು ಕಂಡು ಬಂದು ಇಲ್ಲಿಯೇ ತಿಳಿಸುತ್ತೇನೆ.